ಏಳು ವರ್ಷ ಸೀಲು ಬಿದ್ದ ಕಾರ್ಡು

ನಲ್ಲಂಪಳ್ಳಿಯಿಂದ ಒಳಕ್ಕೆ ಹೋಗುವ ರಸ್ತೆಯಲ್ಲಿ, ದನದ ಆಸ್ಪತ್ರೆಯ ಹಿಂದೆ, ನಮ್ಮ ಕುರಿ ಸಾಕುವವರ ಸಂಘದ ಆಫೀಸು ಇದೆ. ಒಂದೇ ಕೋಣೆ, ಶೀಟಿನ ಮಾಡು, ಎರಡು ಬೀರು, ಒಂದು ಮೇಜು. ಆ ಮೇಜಿನ ಹಿಂದೆ ನಾನು ಕೂತು ಹದಿನೆಂಟು ವರ್ಷವಾಯಿತು. ಸದಸ್ಯರ ಪಟ್ಟಿ ಇಡುವುದು, ಹೊಸಬರನ್ನು ಸೇರಿಸಿಕೊಳ್ಳುವುದು, ವರ್ಷಕ್ಕೊಮ್ಮೆ ಎಲ್ಲರ ಸದಸ್ಯತ್ವ ನವೀಕರಿಸುವುದು, ಸತ್ತವರ ಹೆಸರಿನ ಮೇಲೆ ಕೆಂಪು ಗೆರೆ ಎಳೆಯುವುದು ನನ್ನ ಕೆಲಸ.

ನವೀಕರಣ ಎಂಬ ಮಾತು ನಮ್ಮ ಕಡೆ ಯಾರ ಬಾಯಲ್ಲೂ ಬರುವುದಿಲ್ಲ. ನಾವಿರುವುದು ತಮಿಳು ಸೀಮೆ, ರಿಜಿಸ್ಟರಿನಲ್ಲಿ ಅದಕ್ಕೊಂದು ತಮಿಳು ಮಾತಿದೆ, ಅದನ್ನು ಬರೆಯುವವಳು ನಾನೊಬ್ಬಳೇ. ಜನ ಅದನ್ನು ಸೀಲು ಹಾಕಿಸುವುದು ಎನ್ನುತ್ತಾರೆ. ಪ್ರತಿ ಸದಸ್ಯರಿಗೂ ದಪ್ಪ ಹಳದಿ ಕಾಗದದ ಒಂದು ಕಾರ್ಡು. ಮೇಲೆ ಫೋಟೋ, ಹೆಸರು, ಊರು, ಸಂಘದ ಫೋನ್ ನಂಬರು. ಒಳಗೆ ವರ್ಷಕ್ಕೊಂದರಂತೆ ಚೌಕದ ಮನೆಗಳು. ಪೊಂಗಲ್ ಮುಗಿದ ಮೇಲೆ ಒಬ್ಬೊಬ್ಬರಾಗಿ ಬಂದು ಕಾರ್ಡು ಕೊಟ್ಟು ಹೋಗುತ್ತಾರೆ. ಆ ವರ್ಷದ ಮನೆಯಲ್ಲಿ ನಾನು ಸೀಲು ಒತ್ತುತ್ತೇನೆ, ಅಧ್ಯಕ್ಷರು ರುಜು ಹಾಕುತ್ತಾರೆ. ಯುಗಾದಿಯ ಹೊತ್ತಿಗೆ ಎಲ್ಲ ಮುಗಿಯಬೇಕು. ಸೀಲು ಬಿದ್ದ ಕಾರ್ಡಿದ್ದರೆ ಕುರಿಗೆ ಹುಳದ ಔಷಧಿ ಸಿಗುತ್ತದೆ, ವಿಮೆ ಸಿಗುತ್ತದೆ. ಮಂದೆ ಹೊಡೆದುಕೊಂಡು ಬೇರೆ ಊರ ದಾರಿ ಹಿಡಿದಾಗ ಯಾರಾದರೂ ತಡೆದು ಯಾರಯ್ಯ ನೀನು ಎಂದು ಕೇಳಿದರೆ ತೋರಿಸಲು ಒಂದು ಗುರುತು ಇರುತ್ತದೆ. ನಮ್ಮ ಸದಸ್ಯರು ಬಹುಪಾಲು ಕನ್ನಡ ಮಾತಾಡುವ ಕುರಿಯವರು. ತಮಿಳು ಚೆನ್ನಾಗಿ ಬರುತ್ತದೆ, ಆದರೆ ಖಾಕಿ ಬಟ್ಟೆಯವರ ಮುಂದೆ ಎರಡೂ ಭಾಷೆ ಮರೆತುಹೋಗುತ್ತದೆ. ಆಗ ಕಾರ್ಡು ಮಾತಾಡುತ್ತಿತ್ತು.

ನಾನು ಐದನೇ ಕ್ಲಾಸಿನವರೆಗೆ ಕೊಳ್ಳೇಗಾಲದ ಕಡೆ ಸೋದರಮಾವನ ಮನೆಯಲ್ಲಿದ್ದು ಓದಿದವಳು. ಆಗ ಕಲಿತ ಕನ್ನಡ ಅಕ್ಷರ ಕೈಬಿಟ್ಟು ಹೋಗಲಿಲ್ಲ. ಆಫೀಸಿನಲ್ಲಿ ತಮಿಳು ಬರೆಯುತ್ತೇನೆ, ನನಗೆ ಬೇಕಾದ್ದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಇದೂ ಹಾಗೆ ಬರೆದುಕೊಂಡದ್ದೇ.

ಗಂಡ ಸತ್ತ ಮೇಲೆ ಸಿಕ್ಕಿದ ಕೆಲಸ ಇದು. ಅವರು ಲಾರಿ ಓಡಿಸುತ್ತಿದ್ದರು. ತೊಪ್ಪೂರು ಘಾಟಿನ ಇಳಿಜಾರಿನಲ್ಲಿ ಹೋದರು. ಬಟ್ಟೆಯಲ್ಲಿ ಸುತ್ತಿ ತಂದ ಹೆಣವನ್ನು ನೋಡಬೇಡವೆಂದು ಎಲ್ಲರೂ ನನ್ನನ್ನು ಹಿಡಿದುಕೊಂಡರು. ನಾನು ಬಿಡಿಸಿಕೊಂಡು ಹೋಗಿ ನೋಡಿದೆ, ಅವರ ಮುಖ ತೊಳೆದೆ. ಆಮೇಲೆ ತಿಂಗಳುಗಟ್ಟಲೆ ಅನ್ನ ಸೇರಲಿಲ್ಲ, ನಿದ್ದೆ ಬರಲಿಲ್ಲ. ಆದರೆ ಸಂಜೆಯಾದರೆ ಬಾಗಿಲ ಕಡೆ ನೋಡುವುದು ಮಾತ್ರ ಅಂದೇ ನಿಂತುಹೋಯಿತು. ಕಣ್ಣಾರೆ ನೋಡಿದ್ದರಿಂದಲೇ ನಾನು ಬದುಕಿದೆ ಎಂದು ಬಹಳ ಕಾಲ ನಂಬಿದ್ದೆ. ಮುಂದೆ ನಾನು ಮಾಡಿದ್ದಕ್ಕೆಲ್ಲ ಈ ನಂಬಿಕೆಯೇ ಕಾರಣ.

ಅದಿಯಮಾನ್‌ಕೋಟೆಯಿಂದ ನಡೆದು ಹೋಗುವಷ್ಟು ದೂರದ ಒಂದು ಹಟ್ಟಿಯಲ್ಲಿ ಆ ಗಂಡ ಹೆಂಡತಿ ಇದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು. ಆಕೆಯನ್ನು ಅಕ್ಕ ಎಂದೂ ಅವರನ್ನು ಬಾವ ಎಂದೂ ಕರೆಯುತ್ತಿದ್ದೆ. ಬಾವ ಉದ್ದಕ್ಕೆ, ಒಣಕಲಾಗಿ, ಮಾತು ಕಡಿಮೆಯ ಮನುಷ್ಯ. ಆಫೀಸಿಗೆ ಬಂದರೆ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಹೆಗಲ ಕಂಬಳಿಯನ್ನು ಮಡಚಿ ನೆಲಕ್ಕೆ ಹಾಕಿ ಅದರ ಮೇಲೆ ಕೂರುವರು. ಕುರ್ಚಿ ಇದೆಯಲ್ಲ ಬಾವ ಎಂದರೆ ನಗುತ್ತಿದ್ದರು, ಅಷ್ಟೇ. ನನ್ನ ಗಂಡ ಸತ್ತ ವರ್ಷ ಯುಗಾದಿಗೆ ಮೊದಲು ಒಂದು ಕುರಿಮರಿ ತಂದು ನಮ್ಮ ಬಾಗಿಲಿಗೆ ಕಟ್ಟಿ, ಯಾಕೆ ಏನು ಎಂದು ಒಂದು ಮಾತೂ ಆಡದೆ ಹೊರಟು ಹೋಗಿದ್ದರು. ಅಕ್ಕ ಅವರಿಗೆ ತಿರುಗಾಮುರುಗಾ. ಬಾಯಿ ಜೋರು, ನಗು ಜೋರು. ಮಗಳನ್ನು ಹರೂರಿನ ಕಡೆ ಕೊಟ್ಟಿದ್ದರು. ಮನೆಯಲ್ಲಿ ಇಬ್ಬರೇ, ಜೊತೆಗೆ ಅರವತ್ತು ಎಪ್ಪತ್ತು ಕುರಿ.

ಕೊಯ್ಲು ಮುಗಿದ ಮೇಲೆ ಅವರು ಮಂದೆ ಹೊಡೆದುಕೊಂಡು ಘಾಟು ಇಳಿದು ಓಮಲೂರಿನ ಕಡೆ ಹೋಗುತ್ತಿದ್ದರು. ಅಲ್ಲಿ ಜಮೀನಿದ್ದ ಗೌಂಡರೊಬ್ಬರ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸುವುದು ವರ್ಷವರ್ಷದ ವಾಡಿಕೆ. ಹೋಗುವ ಮೊದಲು ಬಾವ ಒಬ್ಬರೇ ಬಸ್ಸಿನಲ್ಲಿ ಹೋಗಿ ದಿನ ಗೊತ್ತು ಮಾಡಿಕೊಂಡು ಬರುತ್ತಿದ್ದರು.

ಹೀಗೆ ದಿನ ಗೊತ್ತು ಮಾಡಲು ಹೋಗುವ ಹಿಂದಿನ ದಿನ ಆಫೀಸಿಗೆ ಬಂದರು. ಕಾರ್ಡು ಕೇಳಿದರು. ಸೀಲಿಗೆಂದು ಅದನ್ನು ಹತ್ತು ದಿನದ ಹಿಂದೆ ಕೊಟ್ಟು ಹೋಗಿದ್ದರು. ನಾನು ಸೀಲು ಹಾಕಿ ಇಟ್ಟಿದ್ದೆ, ಆದರೆ ಅಧ್ಯಕ್ಷರು ಮಗಳ ಮದುವೆಯ ಓಡಾಟದಲ್ಲಿದ್ದು ರುಜು ಆಗಿರಲಿಲ್ಲ. ಅಂಥ ಮೂವತ್ತು ನಲವತ್ತು ಕಾರ್ಡು ಮೇಜಿನ ಡ್ರಾಯರಿನಲ್ಲಿದ್ದವು. ರುಜು ಇಲ್ಲದ ಕಾರ್ಡು ಕೊಡಬಾರದೆಂದು ನಿಯಮ. ಎರಡು ದಿನ ಬಿಟ್ಟು ಬನ್ನಿ ಬಾವ ಎಂದೆ.

"ಆಗ್ಲಿ ತಾಯಿ. ಮಂದೆ ಒಡ್ಕೊಂಡು ಓಗೋವಾಗ ಇದ್ರೆ ಸಾಕು" ಎಂದರು. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು.

ಮಾರನೆಯ ದಿನ ಅವರು ಓಮಲೂರು ಮುಟ್ಟಿದ್ದು ನಿಜ. ಗೌಂಡರ ಮನೆಯಲ್ಲಿ ಊಟ ಮಾಡಿದರು, ದಿನ ಗೊತ್ತು ಮಾಡಿದರು, ಬಸ್ಸಿಗೆ ಹೊತ್ತಾಯಿತೆಂದು ಮಧ್ಯಾಹ್ನ ಎದ್ದರು. ಅಲ್ಲಿಂದ ಮುಂದೆ ಅವರನ್ನು ಕಂಡವರಿಲ್ಲ.

ಅಳಿಯ ಹರೂರಿನಿಂದ ಬಂದು ಹುಡುಕಿದ. ನಮ್ಮ ಕಡೆಯ ಸ್ಟೇಷನ್ನಿನಲ್ಲಿ ದೂರು ಬರೆಸಿದರು. ಸಂಘದ ನಾಲ್ಕು ಜನ ಸೇಲಂ ಬಸ್‌ಸ್ಟ್ಯಾಂಡು, ಆಸ್ಪತ್ರೆ, ಮೇಟೂರಿನವರೆಗೂ ಸುತ್ತಿ ಬಂದರು. ಫೋಟೋ ಬೇಕೆಂದಾಗ ಬೇರೆ ಫೋಟೋ ಇರಲಿಲ್ಲ. ನನ್ನ ಡ್ರಾಯರಿನಲ್ಲಿದ್ದ ಕಾರ್ಡಿನದನ್ನೇ ದೊಡ್ಡದು ಮಾಡಿಸಿ ಹಂಚಿದರು. ಅದರಲ್ಲಿ ಬಾವ ಉಸಿರು ಬಿಗಿಹಿಡಿದವರ ಹಾಗೆ ಕ್ಯಾಮೆರಾ ನೋಡುತ್ತಿದ್ದರು. ಎರಡು ತಿಂಗಳಾದ ಮೇಲೆ ಹುಡುಕಾಟ ತಾನೇ ತಾನಾಗಿ ನಿಂತಿತು. ನಿಲ್ಲಿಸೋಣ ಎಂದು ಯಾರೂ ಹೇಳಲಿಲ್ಲ. ಒಬ್ಬರು ಕಳೆ ಕೀಳಲು ಹೋದರು, ಒಬ್ಬರು ಮದುವೆಗೆ ಹೋದರು.

ಕಾರ್ಡನ್ನು ನಾನೇ ಹಟ್ಟಿಗೆ ಹೋಗಿ ಅಕ್ಕನ ಕೈಗೆ ಕೊಟ್ಟೆ. ಅಷ್ಟು ಹೊತ್ತಿಗೆ ಅಧ್ಯಕ್ಷರ ರುಜು ಬಿದ್ದಿತ್ತು. ಅಕ್ಕ ಅದನ್ನು ಬಿಚ್ಚಿ ನೋಡಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಅಕ್ಕಿ ಡಬ್ಬದ ಹಿಂದೆ ನಿಲ್ಲಿಸಿದಳು.

ಮುಂದಿನ ಪೊಂಗಲ್ ಕಳೆದ ವಾರವೇ ಅಕ್ಕ ಆಫೀಸಿಗೆ ಬಂದಳು. ಸೆರಗಿನಲ್ಲಿ ಒಂದಿಷ್ಟು ಅವರೆಕಾಯಿ, ಕೈಯಲ್ಲಿ ಕಾರ್ಡು. ಸೀಲು ಹಾಕು ತಂಗಿ ಎಂದಳು. ರಿಜಿಸ್ಟರಿನಲ್ಲಿ ಸದಸ್ಯರೇ ಹೆಬ್ಬೆಟ್ಟು ಒತ್ತಬೇಕು. ನಾನು ಅಕ್ಕನ ಮುಖ ನೋಡಿದೆ. ಆಕೆ ಎಡಗೈ ಹೆಬ್ಬೆಟ್ಟನ್ನು ಆಗಲೇ ಮುಂದೆ ಚಾಚಿದ್ದಳು. ಗಂಡಸರ ಹೆಬ್ಬೆಟ್ಟು ಎಡಗೈಯದು, ಹೆಂಗಸರದು ಬಲಗೈಯದು ಎಂಬ ಪದ್ಧತಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆಕೆ ಗಂಡನ ಬದಲಿಗೆ ಎಡಗೈಯನ್ನೇ ಕೊಟ್ಟಿದ್ದಳು. ನಾನು ಶಾಯಿಯ ಪ್ಯಾಡು ಮುಂದಕ್ಕೆ ತಳ್ಳಿದೆ.

ಹಾಗೆ ಏಳು ವರ್ಷ. ಪ್ರತಿ ವರ್ಷ ಎಲ್ಲರಿಗಿಂತ ಮೊದಲು ಬರುವವಳು ಅಕ್ಕನೇ. ಮೊದಲ ಎರಡು ವರ್ಷ ಮುಂದಿನ ಸಲ ಅವರೇ ಬರುತ್ತಾರೆ ಎಂದು ಹೇಳಿ ಹೋಗುತ್ತಿದ್ದಳು. ಆಮೇಲೆ ಹಾಗೆ ಹೇಳುವುದು ಬಿಟ್ಟಳು, ಬರುವುದು ಬಿಡಲಿಲ್ಲ. ಮಂದೆ ಅರ್ಧಕ್ಕೆ ಇಳಿದಿತ್ತು. ಘಾಟು ಇಳಿಯುವುದು ನಿಂತಿತ್ತು. ತಾಳಿ ಹಾಗೇ ಇತ್ತು, ಹಣೆಯಲ್ಲಿ ಕುಂಕುಮ ಇತ್ತು. ಜನ ಹಿಂದೆ ಮುಂದೆ ಏನೋ ಅನ್ನುತ್ತಿದ್ದರು. ಯಾವಳನ್ನೋ ಕಟ್ಟಿಕೊಂಡು ಈರೋಡಿನ ಕಡೆ ಇದ್ದಾನಂತೆ ಎಂದು ಒಬ್ಬರು, ಪಳನಿಯಲ್ಲಿ ಸನ್ಯಾಸಿಯಾಗಿ ಕೂತಿದ್ದನ್ನು ನೋಡಿದೆ ಎಂದು ಇನ್ನೊಬ್ಬರು. ಪಳನಿಗೆ ಆಕೆ ಎರಡು ಸಲ ಹೋಗಿ ಬಂದಳು. ಈರೋಡಿನ ಮಾತನ್ನೂ ಆಕೆ ಬೈಯಲಿಲ್ಲ. ಎಲ್ಲಿದ್ದರೂ ಇರಲಿ ಎಂದಳಂತೆ.

ನಾನು ಸುಳ್ಳು ನವೀಕರಣ ಮಾಡುತ್ತಿದ್ದೇನೆಂದು ನನಗೆ ಗೊತ್ತಿತ್ತು. ಅಧ್ಯಕ್ಷರಿಗೂ ಗೊತ್ತಿತ್ತು. ಅವರು ಆ ಕಾರ್ಡು ಬಂದಾಗ ಹೆಸರು ಓದದೆ ರುಜು ಹಾಕುತ್ತಿದ್ದರು.

ಎಂಟನೇ ವರ್ಷ ಎಲ್ಲ ಬದಲಾಯಿತು. ರಿಜಿಸ್ಟರು ಕಂಪ್ಯೂಟರಿಗೆ ಹೋಗಬೇಕೆಂದು ಮೇಲಿನಿಂದ ಕಾಗದ ಬಂತು. ಬೆರಳಿಡುವ ಒಂದು ಯಂತ್ರ ಕೊಟ್ಟರು. ಪ್ರತಿ ಸದಸ್ಯನೂ ಎದುರಿಗೆ ನಿಂತು ಬೆರಳಿಡಬೇಕು, ಫೋಟೋ ಕೊಡಬೇಕು. ಯುಗಾದಿಯೊಳಗೆ ಬೆರಳಿಡದವರ ಹೆಸರು ತಾನಾಗಿ ಬಿಟ್ಟುಹೋಗುತ್ತದೆ. ಅಕ್ಕನ ಬೆರಳನ್ನು ಬಾವನ ಬೆರಳೆಂದು ಆ ಯಂತ್ರ ಒಪ್ಪುವುದಿಲ್ಲ. ಕುರಿಗಳ ವಿಮೆ ಎಲ್ಲ ಬಾವನ ಹೆಸರಿನಲ್ಲಿತ್ತು. ಅಧ್ಯಕ್ಷರು ನನ್ನನ್ನು ಕರೆದು, ಈ ಹೆಂಗಸಿನ ಹೆಸರಿಗೆ ಮಾಡಿಸಿಬಿಡು, ಅವಳಿಗೂ ಒಳ್ಳೆಯದು ಎಂದರು. ಗಂಡನ ಹೆಸರಿನಿಂದ ಹೆಂಡತಿಯ ಹೆಸರಿಗೆ ಬದಲಿಸಲು ಒಂದೇ ದಾರಿ ಇತ್ತು, ಸಾವಿನ ಸರ್ಟಿಫಿಕೇಟು. ಏಳು ವರ್ಷ ಕಾಣೆಯಾದವರನ್ನು ಸತ್ತರೆಂದು ಕೋರ್ಟಿನಲ್ಲಿ ಬರೆಸಿಕೊಳ್ಳಬಹುದು, ಅದಕ್ಕೆ ಪೋಲೀಸರಿಂದ ಸಿಕ್ಕಲಿಲ್ಲ ಎಂಬ ಕಾಗದ ಬೇಕು ಎಂದು ವಕೀಲರೊಬ್ಬರು ಹೇಳಿದರು.

ಹಟ್ಟಿಗೆ ಹೋಗಿ ಅಕ್ಕನಿಗೆ ಇದನ್ನು ಹೇಳಿದೆ. ಆಕೆ ಒರಳಿನ ಮುಂದೆ ಕೂತಿದ್ದಳು. ಕೈ ನಿಂತಿತು.

"ನಾನು ಯಾವ ಬಾಯಾಗೆ ಸತ್ರು ಅಂತ ಏಳ್ಲಿ ತಂಗಿ?" ಎಂದಳು.

ಅವತ್ತು ವಾಪಸು ಬಂದೆ. ಆದರೆ ಬಿಡಲಿಲ್ಲ. ನಾಲ್ಕು ಸಲ ಹೋದೆ. ವಿಮೆ ಹೋಗುತ್ತದೆ, ಔಷಧಿ ನಿಲ್ಲುತ್ತದೆ ಎಂದೆ. ಆ ಮಾತಿಗೆ ಆಕೆ ಕರಗಲಿಲ್ಲ. ಕೊನೆಗೆ ನನ್ನ ಕಥೆಯನ್ನೇ ತೆಗೆದೆ. ನಾನು ನನ್ನ ಗಂಡನ ಮುಖ ನೋಡಿದ್ದಕ್ಕೆ ಇವತ್ತು ಅನ್ನ ತಿನ್ನುತ್ತಿದ್ದೇನೆ ಅಕ್ಕ, ನಿನಗೆ ಏಳು ವರ್ಷದಿಂದ ಬಾಗಿಲು ಹಾಕಿ ಮಲಗಲು ಆಗುತ್ತಿಲ್ಲ, ಏನೋ ಒಂದು ಗೊತ್ತಾಗಲಿ ಎಂದೆ. ಯಾವ ಬಸ್ಸಿಗೆ ಹೋಗೋಣ ಎಂದು ಆಕೆ ಕೇಳಿದಳು. ನಾನು ಗೆದ್ದೆ ಅಂದುಕೊಂಡೆ. ಆ ಗೆಲುವನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ನಮ್ಮ ಕಡೆಯ ಸ್ಟೇಷನ್ನಿನವರು, ಆ ದಿನಗಳಲ್ಲಿ ಸೇಲಂ ಕಡೆ ಸಿಕ್ಕಿ ಗುರುತು ಹತ್ತದ ಹೆಣಗಳ ಫೋಟೋ ಒಮ್ಮೆ ನೋಡಿಬಿಡಿ, ಆಮೇಲೆ ಕಾಗದ ಕೊಡುತ್ತೇವೆ ಎಂದಿದ್ದರು. ಮೊದಲು ಹುಡುಕಿದವರು ಆಸ್ಪತ್ರೆಯಲ್ಲಿ ಕೇಳಿದ್ದರು, ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದರು. ಇಂಥ ಫೋಟೋಗಳು ಒಂದು ಕಡೆ ಇರುತ್ತವೆಂದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ.

ಅಳಿಯನಿಗೆ ಬಿಡುವಿರಲಿಲ್ಲ. ನಾವಿಬ್ಬರೇ ಬೆಳಗಿನ ಬಸ್ಸು ಹತ್ತಿದೆವು. ಅಕ್ಕ ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಪ್ಲಾಸ್ಟಿಕ್ ಕವರಿನಲ್ಲಿ ಕಾರ್ಡು ಎದೆಗೆ ಒತ್ತಿಕೊಂಡಿದ್ದಳು. ದಾರಿಯುದ್ದಕ್ಕೂ ಯಾವ ಯಾವ ಊರಿನ ಹೊಲದಲ್ಲಿ ಮಂದೆ ನಿಲ್ಲಿಸಿದ್ದೆವು, ಎಲ್ಲಿ ತೋಳ ಬಂತೆಂದು ಬಾವ ಕೂಗಿದ್ದು ಬರೀ ನಾಯಿಯಾಗಿತ್ತು ಎಂದು ಹೇಳಿ ನಗಿಸಿದಳು. ಸೇಲಂ ಬಂದ ಮೇಲೆ ಮಾತು ನಿಂತಿತು.

ಸ್ಟೇಷನ್ನಿನಲ್ಲಿ ಒಬ್ಬ ಪೋಲೀಸ್ ಹೆಂಗಸು ನಮ್ಮನ್ನು ಒಳಗಿನ ಬೆಂಚಿನ ಮೇಲೆ ಕೂರಿಸಿದಳು. ನನ್ನ ಮಗಳಾಗುವಷ್ಟು ವಯಸ್ಸು. ಮೊದಲು ನೀರು ಕೊಟ್ಟಳು. ಫೋಟೋಗಳು ನೋಡಲು ಕಷ್ಟ, ಅವಸರವಿಲ್ಲ, ಬೇಡವೆನಿಸಿದರೆ ನಿಲ್ಲಿಸಿ ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿ, ಆ ವರ್ಷದ ಒಂದು ಉದ್ದನೆಯ ಫೈಲು ತಂದು ಅಕ್ಕನ ಮಡಿಲಲ್ಲಿಟ್ಟಳು.

ಅಕ್ಕ ಒಂದೊಂದೇ ಹಾಳೆ ತಿರುವಿದಳು. ನಾನು ಪಕ್ಕದಲ್ಲಿದ್ದೆ. ಯಾರು ಯಾರೋ. ಕೆಲವರು ನಿದ್ದೆ ಹೋದವರ ಹಾಗಿದ್ದರು, ಕೆಲವರನ್ನು ನೋಡಲಾಗಲಿಲ್ಲ. ಒಂದು ಹಾಳೆಯಲ್ಲಿ ಆಕೆಯ ಕೈ ನಿಂತಿತು. ಮುಖ ಊದಿ ಯಾರದೆಂದು ಹೇಳುವಂತಿರಲಿಲ್ಲ. ಪಕ್ಕದ ಇನ್ನೊಂದು ಚಿಕ್ಕ ಫೋಟೋದಲ್ಲಿ ಮೈಮೇಲಿದ್ದ ವಸ್ತುಗಳನ್ನು ಸಾಲಾಗಿ ಇಟ್ಟಿದ್ದರು. ಒಂದು ಪಂಚೆ, ಒಂದು ಬೀಡಿಕಟ್ಟು, ಒಂದು ಕಂಬಳಿ. ಕಂಬಳಿಯ ಮೂಲೆ ಹರಿದಿದ್ದು, ಅದನ್ನು ನೀಲಿ ದಾರದಲ್ಲಿ ಹೊಲಿದಿತ್ತು. ಗೊಬ್ಬರದ ಚೀಲದ ಬಾಯಿ ಹೊಲಿಯುವ ಪ್ಲಾಸ್ಟಿಕ್ ದಾರ ಅದು. ಅಕ್ಕನ ಬೆರಳು ಆ ಹೊಲಿಗೆಯ ಮೇಲೆ, ಹೊಲಿಗೆ ಹೋದ ದಿಕ್ಕಿನಲ್ಲೇ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಯಿತು.

ಆಮೇಲೆ ಹಾಳೆ ತಿರುವಿದಳು. ಉಳಿದ ಹಾಳೆಗಳನ್ನೂ ಅಷ್ಟೇ ನಿಧಾನವಾಗಿ ನೋಡಿ ಮುಗಿಸಿ ಫೈಲು ಮುಚ್ಚಿದಳು.

"ಇಲ್ಲ. ಇದ್ರಾಗೆ ಇಲ್ಲ" ಎಂದಳು.

ನಾನು ಅದನ್ನು ತಮಿಳಿಗೆ ತಿರುಗಿಸಿ ಹೇಳಿದೆ. ಬೇರೇನೂ ಹೇಳಲು ನನಗೆ ಧೈರ್ಯ ಬರಲಿಲ್ಲ. ಪೋಲೀಸ್ ಹೆಂಗಸು ಫೈಲು ತೆಗೆದುಕೊಳ್ಳುತ್ತಾ, ಇವರೆಲ್ಲ ಜೇಬಿನಲ್ಲಿ ಒಂದು ಚೀಟಿಯೂ ಇಲ್ಲದವರು ಅಮ್ಮ, ಒಂದು ಫೋನ್ ನಂಬರಿದ್ದರೂ ಅವತ್ತೇ ಮನೆಯವರನ್ನು ಕರೆಸುತ್ತಿದ್ದೆವು ಎಂದಳು. ಅವಳು ಬೇಸರದಿಂದ ಆಡಿದ ಮಾತು, ಯಾರನ್ನೂ ಚುಚ್ಚಲು ಅಲ್ಲ. ನನ್ನ ಮೇಜಿನ ಡ್ರಾಯರು ಕಣ್ಣ ಮುಂದೆ ಬಂತು. ಸೀಲು ಒತ್ತಿದ್ದ ಕಾರ್ಡು, ಅದರ ಮೇಲೆ ಫೋಟೋ, ಹೆಸರು, ಫೋನ್ ನಂಬರು. ಎರಡು ದಿನ ಬಿಟ್ಟು ಬನ್ನಿ ಬಾವ.

ಹಿಂದಕ್ಕೆ ಬರುವಾಗ ಬಸ್ಸು ತುಂಬಿತ್ತು. ಅಕ್ಕನಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಓಮಲೂರು ದಾಟಿತು. ಆಕೆ ಹೊರಗೆ ನೋಡಲಿಲ್ಲ. ತೊಪ್ಪೂರಿನ ಹತ್ತಿರ ಬಸ್ಸು ಘಾಟು ಹತ್ತಲು ಶುರುಮಾಡಿದಾಗ ನಾನು ಎಂದಿನಂತೆ ಕಣ್ಣು ಮುಚ್ಚಿದೆ. ಹದಿನೈದು ಹದಿನಾರು ವರ್ಷದಿಂದ ಆ ತಿರುವುಗಳನ್ನು ನಾನು ಕಣ್ಣು ಬಿಟ್ಟು ನೋಡಿಲ್ಲ. ಅಕ್ಕ ನನ್ನ ಮೊಣಕೈ ಮುಟ್ಟಿದಳು.

"ಇಲ್ಲಿಗೆ ಬಂದ್ರೆ ನೀನು ಕಣ್ಮುಚ್ಕೊಂಬುಡ್ತೀಯ?"

"ಊಂ ಅಕ್ಕ."

"ನಾನು ಇನ್ಮ್ಯಾಕೆ ಎಲ್ಲಿ ಮುಚ್ಕೊಳ್ಲಿ ತಂಗಿ?"

ಆಕೆಯ ಕೈ ಹಿಡಿದುಕೊಂಡೆ. ಒಣಗಿದ ಕೈ. ನಲ್ಲಂಪಳ್ಳಿಯಲ್ಲಿ ನಾನು ಇಳಿಯುವವರೆಗೂ ಹಾಗೇ ಹಿಡಿದಿದ್ದೆ. ಆಕೆ ಕೈ ಕೊಟ್ಟು ಕೂತಿದ್ದಳು, ತಿರುಗಿ ಹಿಡಿಯಲಿಲ್ಲ.

ಇಪ್ಪತ್ತು ದಿನ ಸುದ್ದಿಯಿಲ್ಲ. ಯುಗಾದಿ ಹತ್ತಿರ ಬರುತ್ತಿತ್ತು. ನಾನಾಗಿ ಹಟ್ಟಿಯ ಕಡೆ ಹೋಗಲಿಲ್ಲ. ಒಂದು ದಿನ ಬೆಳಿಗ್ಗೆ ಆಫೀಸಿನ ಬೀಗ ತೆಗೆಯುವ ಮೊದಲೇ ಅಕ್ಕ ಜಗುಲಿಯ ಮೇಲೆ ಕೂತಿದ್ದಳು. ಹಣೆ ಬರಿದಾಗಿತ್ತು. ಮಗಳು, ಅಳಿಯ ಇಬ್ಬರನ್ನೂ ಕರೆಸಿಕೊಂಡು ತಾನೇ ಮತ್ತೆ ಸೇಲಂಗೆ ಹೋಗಿ ಆ ಹಾಳೆ ತೋರಿಸಿ ಬಂದಿದ್ದಳು. ಬಾವ ಹೇಗೆ ಸತ್ತರೆಂದು ಆಗ ತಿಳಿದಿತ್ತು. ಸೇಲಂನ ಒಂದು ಬೀದಿಯಲ್ಲಿ, ಮುಚ್ಚಿದ ಅಂಗಡಿಯೊಂದರ ಹಿಂದೆ ಕೂತವರು ಹಾಗೇ ಒರಗಿದ್ದರು. ಎದೆಬಡಿತ ನಿಂತಿತ್ತೆಂದು ಡಾಕ್ಟರು ಬರೆದಿದ್ದರು. ಮೂರು ದಿನ ಯಾರೂ ನೋಡಿರಲಿಲ್ಲ. ಅವರು ಓಮಲೂರಿನಿಂದ ಮನೆಯ ದಾರಿ ಬಿಟ್ಟು ಸೇಲಂ ಕಡೆಯ ಬಸ್ಸು ಯಾಕೆ ಹತ್ತಿದರೋ ಗೊತ್ತಾಗಲೇ ಇಲ್ಲ. ಎದೆ ನೋವೆಂದು ಆಸ್ಪತ್ರೆಗೆ ಹೊರಟಿದ್ದರೇನೋ ಎಂದು ಅಳಿಯ ಹೇಳುತ್ತಾನೆ. ಹೂತದ್ದು ಅನಾಥ ಹೆಣಗಳನ್ನು ಹೂಳುವ ಕಡೆ. ಇಂಥ ಜಾಗವೆಂದು ತೋರಿಸಲು ಯಾರಿಂದಲೂ ಆಗಲಿಲ್ಲ. ಮಗಳು ಅಲ್ಲಿಯ ಒಂದು ಹಿಡಿ ಮಣ್ಣು ತಂದಿದ್ದಳು. ಅದನ್ನು ಹಟ್ಟಿಯ ಬೇವಿನ ಮರದ ಕೆಳಗೆ ಇಟ್ಟು ಮಾಡಬೇಕಾದ್ದು ಮಾಡಿದ್ದರು. ನನಗೆ ಹೇಳಿ ಕಳಿಸಿರಲಿಲ್ಲ.

ಅಕ್ಕ ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟಳು. ಹಳದಿ ಕಾರ್ಡನ್ನೂ ಇಟ್ಟಳು. ನಾನು ಹಳೆಯ ರಿಜಿಸ್ಟರು ತೆಗೆದೆ. ಕೆಂಪು ಪೆನ್ನು ಕೈಗೆತ್ತಿಕೊಂಡೆ. ಆಗ ತಡೆಯಲಾಗದೆ ಹೇಳಿಬಿಟ್ಟೆ. ಅವತ್ತು ಬಾವ ಕಾರ್ಡು ಕೇಳಲು ಬಂದಿದ್ದರು ಅಕ್ಕ, ರುಜು ಇಲ್ಲವೆಂದು ನಾನು ಕೊಡಲಿಲ್ಲ, ಕೊಟ್ಟಿದ್ದರೆ ಹೆಣ ಸಿಕ್ಕಿದ ದಿನವೇ ಫೋನು ಬರುತ್ತಿತ್ತು ಎಂದೆ. ಹೇಳುವಾಗ ನನಗೆ ಅಳು ಬಂತು.

ಅಕ್ಕ ಅಳಲಿಲ್ಲ.

"ಗೊತ್ತು" ಎಂದಳು. "ಕೊಡ್ಲಿಲ್ಲ ಅಂತ ಅವತ್ತೇ ಬಂದು ಏಳಿದ್ರು."

ಅಷ್ಟು ವರ್ಷವೂ ಆಕೆಗೆ ಗೊತ್ತಿತ್ತು. ಅವರೆಕಾಯಿ ತಂದುಕೊಟ್ಟ ಏಳು ವರ್ಷವೂ. ಸ್ಟೇಷನ್ನಿನ ಬೆಂಚಿನ ಮೇಲೆ ಆ ಹೆಂಗಸಿನ ಮಾತು ಆಕೆಯ ಕಿವಿಗೂ ಬಿದ್ದಿತ್ತು. ಅದಕ್ಕೆ ಮಣ್ಣು ಮಾಡಿದ ದಿನ ನನ್ನನ್ನು ಕರೆಯಲಿಲ್ಲವೋ, ಇಲ್ಲ ಸುಮ್ಮನೆ ಮರೆತಳೋ, ನಾನು ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಮಾಧಾನ ಹೇಳಿದ್ದರೂ ಆಗುತ್ತಿತ್ತು. ಆಕೆ ಎರಡನ್ನೂ ಮಾಡದೆ, ಗೆರೆ ಎಳಿ, ಹೊತ್ತಾಯಿತು ಎಂದಳು. ನಾನು ಎಳೆದೆ.

ಆಮೇಲೆ ಆಕೆಯ ಹೆಸರಿನಲ್ಲಿ ಹೊಸ ಸದಸ್ಯತ್ವ ಮಾಡಿದೆ. ಯಂತ್ರದ ಮೇಲೆ ಬೆರಳಿಟ್ಟರೆ ಬರಲಿಲ್ಲ. ಹಗ್ಗ ಹಿಡಿದು, ಕಲ್ಲು ಹೊತ್ತು ಬೆರಳಿನ ಗೆರೆಯೆಲ್ಲ ಸವೆದಿತ್ತು. ಒಂದೊಂದೇ ಬೆರಳು ಒರೆಸಿ ಒರೆಸಿ ಇಟ್ಟು ಕೊನೆಗೆ ಬಲಗೈ ಉಂಗುರದ ಬೆರಳು ಹಿಡಿಯಿತು. ಫೋಟೋಗೆ ಕೂರಿಸಿದಾಗ ತಲೆಯ ಮೇಲೆ ಸೆರಗು ಎಳೆದುಕೊಂಡು, ಇಷ್ಟು ಸಾಕಾ ಎಂದು ಕೇಳಿದಳು. ಹಳೆಯ ಕಾರ್ಡನ್ನು ನಿಯಮದ ಪ್ರಕಾರ ಆಫೀಸಿನಲ್ಲೇ ಉಳಿಸಿಕೊಳ್ಳಬೇಕು. ನಾನು ಅದನ್ನು ಆಕೆಯ ಕಡೆಗೆ ಸರಿಸಿದೆ. ಬೇಡವೆಂದು ತಲೆಯಾಡಿಸಿ ಎದ್ದು ಹೋದಳು.

ಅದಾದ ಮೇಲೆ ರುಜು ಇಲ್ಲದ ಕಾರ್ಡನ್ನೂ ಕೇಳಿದವರಿಗೆ ಕೊಡುತ್ತೇನೆ. ಅಧ್ಯಕ್ಷರಿಗೆ ಇದು ಗೊತ್ತು. ಈಗ ಎಲ್ಲರ ಕೈಯಲ್ಲೂ ಫೋನಿದೆ, ಕಾರ್ಡು ಯಾರಿಗೂ ಅಷ್ಟು ಬೇಕಾಗಿಲ್ಲ. ಆದರೂ ಕೊಡುತ್ತೇನೆ.

ಅಕ್ಕ ಈಗ ಸೀಲಿಗೆ ಬರುವುದಿಲ್ಲ. ಪೊಂಗಲ್ ಕಳೆದ ಮೇಲೆ ಹಾಲಿನ ವ್ಯಾನಿನವರ ಕೈಯಲ್ಲಿ ಕಾರ್ಡು ಕಳಿಸುತ್ತಾಳೆ. ಸೀಲು ಹಾಕಿ ಅದೇ ವ್ಯಾನಿನಲ್ಲಿ ಕಳಿಸುತ್ತೇನೆ. ಎರಡು ವರ್ಷ ಹಾಗೇ ನಡೆಯಿತು. ಬೆರಳನ್ನು ಮೂರು ವರ್ಷಕ್ಕೊಮ್ಮೆ ಮತ್ತೆ ಇಡಬೇಕಾದ್ದರಿಂದ ಈ ಸಲ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ನಾನೇ ಹಟ್ಟಿಗೆ ಹೋದೆ. ಮಂದೆಯಲ್ಲಿ ಹದಿನಾರು ಕುರಿ ಉಳಿದಿದ್ದವು. ಮಗಳು ಹರೂರಿಗೆ ಬಂದುಬಿಡು ಎನ್ನುತ್ತಾಳಂತೆ, ಅಕ್ಕ ಹೋಗಿಲ್ಲ. ಮೊಮ್ಮಕ್ಕಳು ಫೋನಿನಲ್ಲಿ ತಮಿಳಿನಲ್ಲಿ ಮಾತಾಡುತ್ತಾರೆ, ಆಕೆ ಕನ್ನಡದಲ್ಲಿ ಉತ್ತರ ಕೊಡುತ್ತಾಳೆ. ಇಷ್ಟನ್ನೂ ನಾನು ಕೇಳಿ ತಿಳಿದುಕೊಂಡದ್ದು. ಹಿಂದೆ ಆಕೆಯನ್ನು ಕೇಳಬೇಕಾಗಿರಲಿಲ್ಲ.

ಬೆರಳು ಇಟ್ಟದ್ದಾಯಿತು. ಮಜ್ಜಿಗೆ ಕೊಟ್ಟಳು, ಕುಡಿದೆ. ಹೊರಡುವ ಮೊದಲು ಮೂರು ವರ್ಷದಿಂದ ಬಾಯಲ್ಲಿದ್ದ ಮಾತು ಕೇಳಿದೆ.

"ನಾನು ನಿನ್ನ ಸೇಲಂಗೆ ಕರ್ಕೊಂಡೋಗಿದ್ದು ತಪ್ಪಾಯ್ತಾ ಅಕ್ಕ?"

ಆಕೆ ಒಂದು ಮರಿಯನ್ನು ಮಡಿಲಲ್ಲಿ ಮಲಗಿಸಿಕೊಂಡು ಗೊರಸಿನ ಹುಣ್ಣು ನೋಡುತ್ತಿದ್ದಳು. ಪಕ್ಕದಲ್ಲಿ ಬಟ್ಟಲಲ್ಲಿ ಬೇವಿನೆಣ್ಣೆ, ಅರಿಸಿನ. ನನ್ನ ಮಾತು ಕೇಳಿತೆಂದು ಆಕೆಯ ಕೈ ನಿಂತದ್ದರಿಂದ ತಿಳಿಯಿತು. ಸ್ವಲ್ಪ ಹೊತ್ತು ಮರಿಯ ಬೆನ್ನು ನೇವರಿಸಿದಳು.

"ಈ ಕಾಲು ಇಡ್ಕೊ" ಎಂದಳು. "ಒದೀತೈತೆ."

ನಾನು ಚೀಲ ಕೆಳಗಿಟ್ಟು ಪಕ್ಕದಲ್ಲಿ ಕೂತು ಮರಿಯ ಕಾಲು ಹಿಡಿದೆ. ಆಕೆ ಹುಣ್ಣು ಒರೆಸಿ, ಎಣ್ಣೆ ಸವರಿ, ಬಟ್ಟೆಯ ಚೂರು ಸುತ್ತಿ ಗಂಟು ಹಾಕಿದಳು. ಇನ್ನೂ ಎರಡು ಮರಿಗೆ ಹಾಗೇ ಆಗಿದೆ ಎಂದಳು. ಅವನ್ನೂ ತಂದೆವು.